ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಕೇಳಿದ ಪ್ರಶ್ನೆ

ಹೇಳಿಕೆ ಕೊಡುವವರು: ಲಿಫ್ಟ್ ಕೆಲಸದವರೆಲ್ಲ ‘ಪಾದರಸ’ ಎಂದು ಕರೆಯುವವಳು. ವಯಸ್ಸು ಇಪ್ಪತ್ತೆರಡು. ಉದ್ಯೋಗ: ಲಿಫ್ಟ್ ದುರಸ್ತಿ. ವಿದ್ಯಾಭ್ಯಾಸ: ಒಂಬತ್ತನೇ ತರಗತಿ ಅರ್ಧ. ವಿಳಾಸ: ಹಳೆಯ ಮುದ್ರಣಾಲಯದ ಹಿಂದಿನ ಓಣಿ, ಇಸ್ತ್ರಿ ಅಂಗಡಿಯ ಮೇಲಿನ ಮನೆ. ತಾಯಿಯ ಜೊತೆ ವಾಸ.

ನಾನು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಹಿಂದಿನ ಯಜಮಾನರು ನಿನ್ನೆ ಸಂಜೆ ಈ ಠಾಣೆಗೆ ಬಂದು ನನ್ನ ಮೇಲೆ ದೂರು ಕೊಟ್ಟಿದ್ದಾರೆ. ನಾನು ಅವರನ್ನು ಲಿಫ್ಟಿನಲ್ಲಿ ಕೂಡಿಹಾಕಿ, ಹೆದರಿಸಿ, ಕಾಗದ ಕೇಳಿದೆ ಎಂಬುದು ದೂರು. ಕೂಡಿಹಾಕಿದ್ದು, ಹೆದರಿಸಿದ್ದು ಸುಳ್ಳು. ಕಾಗದ ಕೇಳಿದ್ದು ನಿಜ. ಇವನ್ನು ಒಂದೇ ಗಂಟು ಕಟ್ಟದೆ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕೆಂದು ಮೊದಲೇ ಕೇಳಿಕೊಂಡಿದ್ದೇನೆ.

ಸದರಿ ಯಜಮಾನರ ಲಿಫ್ಟ್ ನಿರ್ವಹಣೆ ಸಂಸ್ಥೆಯಲ್ಲಿ ನಾನು ಮೂರು ವರ್ಷ ಕೆಲಸ ಮಾಡಿದ್ದೇನೆ. ಪ್ರತಿ ತಿಂಗಳೂ ಸಂಬಳದಲ್ಲಿ ತೆರಿಗೆ ಎಂದು ಒಂದಷ್ಟು ಹಿಡಿದುಕೊಳ್ಳುತ್ತಿದ್ದರು. ಹಿಡಿದ ಮೇಲೆ ತೆರಿಗೆಯ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ವರ್ಷಕ್ಕೊಮ್ಮೆ ನಾನೇ ರಿಟರ್ನ್ಸ್ ಸಲ್ಲಿಸಬೇಕೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದಿದ್ದದ್ದು ನನ್ನ ತಪ್ಪು.

ಕಳೆದ ವರ್ಷ, ನಾನು ಹೋಗದ ಕಟ್ಟಡಗಳ ಲಿಫ್ಟ್ ತಪಾಸಣೆ ಮಾಡಿದ್ದೇನೆಂದು ಸಹಿ ಹಾಕಲು ಯಜಮಾನರು ಹೇಳಿದರು. ಹಾಕಲಿಲ್ಲ. ಹಾಕದವರಿಗೆ ಇಲ್ಲಿ ಜಾಗವಿಲ್ಲ ಎಂದರು. ಚೀಲ ಎತ್ತಿಕೊಂಡು ಬಂದೆ. ಈಗ ಬೇರೆ ಸಂಸ್ಥೆಯಲ್ಲಿದ್ದೇನೆ.

ನಾಲ್ಕು ತಿಂಗಳ ಹಿಂದೆ ಸ್ವಂತ ಹೆಸರಿನಲ್ಲಿ ಲಿಫ್ಟ್ ಕೆಲಸದ ಲೈಸೆನ್ಸಿಗೆ ಅರ್ಜಿ ಹಾಕಲು ಹೋದೆ. ಮೂರು ವರ್ಷದ ರಿಟರ್ನ್ಸ್ ಸಲ್ಲಿಸಿದ ರಸೀದಿ ಬೇಕು, ಅರ್ಜಿಗೆ ಈ ತಿಂಗಳ ಮೂವತ್ತು ಕೊನೆ ಎಂದರು. ತೆರಿಗೆ ಕಚೇರಿಯಲ್ಲಿ ಹಿಂದಿನ ಯಜಮಾನರಿಂದ ತೆರಿಗೆ ಕಡಿತದ ಪ್ರಮಾಣಪತ್ರ ತರಲು ಹೇಳಿದರು. ಅದನ್ನು ಕೇಳಲು ಯಜಮಾನರ ಕಚೇರಿಗೆ ಹೋದೆ. ಮೊದಲ ಸಲ ಲೆಕ್ಕದವರು ರಜೆಯಲ್ಲಿದ್ದಾರೆ ಎಂದರು. ಎರಡನೇ ಸಲ ಪ್ರಿಂಟರ್ ಕೆಟ್ಟಿದೆ ಎಂದರು. ನಾನು ಕೂತಿದ್ದಾಗಲೇ ಅದರಿಂದ ಬೇರೆ ಹಾಳೆಗಳು ಹೊರಗೆ ಬರುತ್ತಿದ್ದವು. ಮೂರನೇ ಸಲ ಟೀ ತರಿಸಿಕೊಟ್ಟು, “ಆ ಹಳೇ ತಪಾಸಣೆ ಹಾಳೆಗೆ ಸೈನ್ ಹಾಕು, ನಿನ್ನ ಕಾಗದ ತಗೊಂಡು ಹೋಗು. ನಿನಗೂ ಒಳ್ಳೇದು, ನನಗೂ ಒಳ್ಳೇದು” ಎಂದರು. ಟೀ ಕುಡಿದೆ. ಸಹಿ ಹಾಕಲಿಲ್ಲ.

ಕಳೆದ ವಾರ ತೆರಿಗೆ ಕಚೇರಿಯ ಕೌಂಟರಿನಲ್ಲಿ ಕೂರುವ ಮೇಡಂ ಹತ್ತಿರ ಮತ್ತೆ ಹೋಗಿ, ಅವರು ಕೊಡುವುದಿಲ್ಲ, ಏನು ಮಾಡಲಿ ಎಂದು ಕೇಳಿದೆ. ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್ ಇಟ್ಟು ನೀನೇ ಸಲ್ಲಿಸಬಹುದು ಎಂದು ಅವರು ತಿಳಿಸಿದರು. ಆದರೆ ನನ್ನ ಚೀಟಿಯಲ್ಲಿ ‘ಕಡಿತ’ ಎಂದಷ್ಟೇ ಇದೆ. ಅದು ತೆರಿಗೆಗೆ ಹಿಡಿದದ್ದು ಎನ್ನಲು ಏನಾದರೂ ಆಧಾರ ಬೇಕು, ಇಲ್ಲದಿದ್ದರೆ ಪೂರ್ತಿ ತೆರಿಗೆಯನ್ನು ಮತ್ತೊಮ್ಮೆ ಕಟ್ಟಬೇಕಾಗುತ್ತದೆ ಎಂದರು. ಲೈಸೆನ್ಸಿನ ಶುಲ್ಕಕ್ಕೆ ಎಂದು ಕೂಡಿಟ್ಟದ್ದು ಅದಕ್ಕೇ ಖಾಲಿಯಾಗುತ್ತದೆ.

ನಿನ್ನೆ ಬೆಳಿಗ್ಗೆ 10.20ಕ್ಕೆ ನಮ್ಮ ಸಂಸ್ಥೆಗೆ ಫೋನ್ ಬಂತು. ಗಡಿಯಾರದ ವೃತ್ತದ ಹತ್ತಿರ ಆರು ಮಹಡಿಯ ಒಂದು ವಸತಿ ಕಟ್ಟಡವಿದೆ. ಅದರ ಲಿಫ್ಟ್ ಹೋದ ತಿಂಗಳವರೆಗೆ ಯಜಮಾನರ ಗುತ್ತಿಗೆಯಲ್ಲಿತ್ತು, ಈಗ ನಮ್ಮದು. ಲಿಫ್ಟ್ ನಿಂತಿದೆ, ಒಳಗೆ ಒಬ್ಬರಿದ್ದಾರೆ ಎಂದು ಅಲ್ಲಿನ ಕಾವಲುಗಾರ ಹೇಳಿದ. 10.40ಕ್ಕೆ ತಲುಪಿದೆ. ಲಿಫ್ಟ್ ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಇತ್ತು. ಮೂರನೇ ಮಹಡಿಯ ಬಾಗಿಲ ಹತ್ತಿರ ಹೋಗಿ, ಗಾಬರಿಯಾಗಬೇಡಿ, ಲಿಫ್ಟಿನವಳು ಬಂದಿದ್ದೇನೆ ಎಂದೆ. ಒಳಗಿನಿಂದ, “ಯಾರು, ಪಾದರಸಾನಾ?” ಎಂದು ಕೇಳಿತು. ಒಳಗಿದ್ದವರು ಯಜಮಾನರು ಎಂದು ನನಗೆ ಗೊತ್ತಾದದ್ದು ಆಗ. ಗುತ್ತಿಗೆ ವಾಪಸ್ ಕೊಡಿ ಎಂದು ಕೇಳಲು ಬಂದಿದ್ದರಂತೆ.

ಆರನೇ ಮಹಡಿಯ ಮೇಲಿನ ಯಂತ್ರದ ಕೋಣೆಗೆ ಹೋಗಿ ಮೋಟಾರಿನ ಮೇನ್ ಸ್ವಿಚ್ ಆರಿಸಿದೆ. ಒಳಗಿನ ದೀಪ, ಫ್ಯಾನಿನ ಸ್ವಿಚ್ ಬೇರೆ, ಅದನ್ನು ಮುಟ್ಟಲಿಲ್ಲ. ಹೀಗೆ ನಿಂತ ಲಿಫ್ಟನ್ನು ಮೇಲೆ ಬ್ರೇಕ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ ಮಹಡಿಯ ಮಟ್ಟಕ್ಕೆ ತರಬೇಕು. ಬಾಗಿಲ ಹತ್ತಿರ ಇನ್ನೊಬ್ಬರು ನಿಂತು, ಸಾಕು, ಇನ್ನೂ ಸ್ವಲ್ಪ ಎಂದು ಹೇಳುತ್ತಿರಬೇಕು. ಆ ಇನ್ನೊಬ್ಬರು ಕೆಲಸ ತಿಳಿದವರಾಗಿರಬೇಕು. ನಮ್ಮ ಸಂಸ್ಥೆಯಲ್ಲಿ ನಾವೆಲ್ಲ ಚಿಕ್ಕಪ್ಪ ಎನ್ನುವ ಹಿರಿಯ ಕೆಲಸಗಾರರಿಗೆ ಫೋನ್ ಮಾಡಿದೆ. ಅವರು ಊರಿನ ಇನ್ನೊಂದು ತುದಿಯಲ್ಲಿದ್ದರು. ಬರುತ್ತಿದ್ದೇನೆ, ಅಲ್ಲಿಯವರೆಗೆ ಏನೂ ಮುಟ್ಟಬೇಡ ಎಂದರು.

ಕೆಳಗೆ ಬಂದು ಯಜಮಾನರಿಗೆ ಇದನ್ನೇ ತಿಳಿಸಿದೆ. ಅವರು, “ಲೇ ಹುಡುಗಿ, ಕಾವಲಿನವನು ಅಲ್ಲೇ ಇದಾನಲ್ಲ, ಅವನನ್ನೇ ನಿಲ್ಸು. ನಾವು ಯಾವಾಗ್ಲೂ ಹಾಗೇ ಮಾಡ್ತಿರ್ಲಿಲ್ವಾ?” ಎಂದರು. ಮಾಡುತ್ತಿದ್ದಿರಿ, ನಾನು ಮಾಡುವುದಿಲ್ಲ ಎಂದೆ. ಹಾಗಾದರೆ ಬಾಗಿಲು ತೆಗೆ, ಹಾರಿಕೊಳ್ಳುತ್ತೇನೆ ಎಂದರು. ಲಿಫ್ಟ್ ಅರ್ಧದಲ್ಲಿರುವಾಗ ಅದರ ತಳಕ್ಕೂ ನೆಲಕ್ಕೂ ನಡುವೆ ಬಾಯಿ ತೆರೆದಿರುತ್ತದೆ. ಹಾರುವಾಗ ಕಾಲು ಜಾರಿದರೆ ಅದರೊಳಗಿಂದ ನೇರ ತಳಕ್ಕೆ. ತೆಗೆಯುವುದಿಲ್ಲ ಎಂದೆ. ಒಳಗೆ ನನ್ನ ತಾಯಿ ಇದ್ದಿದ್ದರೂ ತೆಗೆಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸೆಕೆ, ಉಸಿರು ಕಟ್ಟುತ್ತಿದೆ ಎಂದು ಕೂಗಿದರು. ಕಾವಲುಗಾರ ಬಾಗಿಲಿಗೆ ಬಾಯಿ ಕೊಟ್ಟು, “ಫ್ಯಾನ್ ರಿಪೇರಿ ಅಂತ ಹೋದ ವರ್ಷ ನೀವೇ ಬಿಲ್ ಮಾಡಿದ್ರಲ್ಲ ಸಾರ್, ತಿರುಗ್ತಾ ಇಲ್ವಾ?” ಎಂದು ಕೇಳಿದ. ನಾನು ನಕ್ಕೆ. ಕೂಗಾಟ ಕೇಳಿ ಮೂರನೇ ಮಹಡಿಯ ನಿವೃತ್ತ ಟೀಚರಮ್ಮ ಹೊರಗೆ ಬಂದು, “ಯಾರ ಜೊತೆ ಜಗಳ ಆಡ್ತಿದೀಯಮ್ಮ, ಲಿಫ್ಟ್ ಜೊತೆನಾ?” ಎಂದರು. ವಿಷಯ ತಿಳಿಸಿದೆ. ಅವರು ಕುರ್ಚಿ ತಂದು ಅಲ್ಲೇ ಕೂತರು. ಮೇಲಿನ ಸಂದಿನಿಂದ ಗಾಳಿ ಬರುತ್ತದೆ, ಉಸಿರಿಗೆ ತೊಂದರೆಯಿಲ್ಲ, ಕೂತುಕೊಳ್ಳಿ ಎಂದು ಯಜಮಾನರಿಗೆ ಹೇಳಿದೆ. ಅವರು ಕೂತರು.

ಆಮೇಲೆ ನಾನು ಕೇಳಿದೆ. ಕೇಳಿದ ಮಾತು ಇದು: “ಸಾರ್, ಹೇಗೂ ಇಬ್ರೂ ಕಾಯ್ತಾ ಇದೀವಿ. ನನ್ನ ತೆರಿಗೆ ಕಾಗದ ಯಾಕೆ ಕೊಡ್ತಿಲ್ಲ?” ಅವರು ಕೂತಲ್ಲಿಂದಲೇ ಬಾಗಿಲು ಬಡಿದರು. ಎರಡನೇ ಸಲ ಕೇಳಿದೆ. ಆಗ ಅವರು, “ಎಲ್ಲಿಂದ ತರ್ಲಿ ತಾಯಿ? ನಿಮ್ಮೆಲ್ಲರ ಸಂಬಳದಲ್ಲಿ ತೆರಿಗೆ ಅಂತ ಹಿಡಿದದ್ದನ್ನ ಕಟ್ಟಿದ್ರೆ ತಾನೇ ಕಾಗದ ಬರೋದು! ಮೊದ್ಲು ನನ್ನನ್ನ ಹೊರಗೆ ತೆಗಿ” ಎಂದರು. ಕಾವಲುಗಾರ ಕೇಳಿಸಿಕೊಂಡ. ಟೀಚರಮ್ಮನೂ ಕೇಳಿಸಿಕೊಂಡರು. ಕೊಟ್ಟರೆ ಮಾತ್ರ ಹೊರಗೆ ಬಿಡುತ್ತೇನೆ ಎಂದು ನಾನು ಹೇಳಲಿಲ್ಲ. ಮತ್ತೆ ಕೇಳಲೂ ಇಲ್ಲ. ಗೊತ್ತಾಗಬೇಕಾದದ್ದು ಗೊತ್ತಾಗಿತ್ತು.

11.25ಕ್ಕೆ ಚಿಕ್ಕಪ್ಪ ಬಂದರು. ಅವರು ಬಾಗಿಲ ಹತ್ತಿರ ನಿಂತರು, ನಾನು ಮೇಲೆ ಚಕ್ರ ತಿರುಗಿಸಿದೆ. ಒಂಬತ್ತು ನಿಮಿಷದಲ್ಲಿ ಯಜಮಾನರು ಮೂರನೇ ಮಹಡಿಯಲ್ಲಿ ಹೊರಗೆ ಬಂದರು. ಟೀಚರಮ್ಮ ಕೊಟ್ಟ ನೀರು ಕುಡಿದು, ನನ್ನ ಕಡೆ ತಿರುಗಿ, “ಲೇ, ನಿನಗೆ ಮಾಡ್ತೀನಿ” ಎಂದು ಮೆಟ್ಟಿಲಿಳಿದು ಹೋದರು.

ಅವರು ಒಳಗೆ ಒದ್ದಾಡುತ್ತಿದ್ದಾಗ ನಿನಗೆ ಖುಷಿಯಾಗಲಿಲ್ಲವೇ ಎಂದು ಈ ಠಾಣೆಯ ಹೆಡ್ ಸಾಹೇಬರು ನನ್ನನ್ನು ಕೇಳಿದರು. ಆಯಿತು. ಖುಷಿಯಾದದ್ದಕ್ಕೆ ಯಾವ ಕಲಮು ಹಾಕುತ್ತೀರೋ ಹಾಕಿ ಎಂದೆ.

ಇವತ್ತು ಈ ಹೇಳಿಕೆ ಇಲ್ಲಿಯವರೆಗೆ ಬರೆದಾದ ಮೇಲೆ ಅದನ್ನು ಠಾಣೆಗೆ ಬಂದಿದ್ದ ಯಜಮಾನರಿಗೂ ಓದಿ ಹೇಳಲಾಯಿತು. ಅವರು ಹೊರಗೆ ಹೋಗಿ ಫೋನಿನಲ್ಲಿ ಯಾರ ಜೊತೆಯೋ ಮಾತನಾಡಿ ಬಂದು, ದೂರು ವಾಪಸ್ ಪಡೆಯುತ್ತೇನೆ, ಈ ಹೇಳಿಕೆ ಬೇಡ, ಒಂದು ವಾರದಲ್ಲಿ ಹುಡುಗಿಯ ಕಾಗದ ಕೊಡುತ್ತೇನೆ ಎಂದರು. ಹೆಡ್ ಸಾಹೇಬರು ನನಗೆ, “ಒಪ್ಕೊಳಮ್ಮ, ಹರಿದು ಹಾಕಿಬಿಡೋಣ. ನಿನ್ನ ತಲೆ ಮೇಲೂ ಏನೂ ಇರಲ್ಲ” ಎಂದು ತಿಳಿಹೇಳಿದರು. ಕಟ್ಟದ ತೆರಿಗೆಯ ಕಾಗದ ವಾರದಲ್ಲಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಹೆಡ್ ಸಾಹೇಬರು ಹೊರಗೆ ಬೆಂಚಿನ ಮೇಲಿದ್ದ ನನ್ನ ತಾಯಿಯನ್ನು ಕರೆಸಿ, ಮಗಳಿಗೆ ನೀವಾದರೂ ಬುದ್ಧಿ ಹೇಳಿ ಎಂದರು. ಅಮ್ಮ, “ನನ್ನ ಮಾತು ಕೇಳೋ ಹಾಗಿದ್ರೆ ಇವಳು ಶಾಲೆನೇ ಬಿಡ್ತಿರ್ಲಿಲ್ಲ ಸಾರ್. ಬರ್ಕೊಂಡುಬಿಡಿ, ಬೇಗ ಮುಗಿಯುತ್ತೆ” ಎಂದರು.

ಹರಿಯಲು ನಾನು ಒಪ್ಪುವುದಿಲ್ಲ. ಹಾಗಿದ್ದರೆ ಬಾಗಿಲ ಹತ್ತಿರ ನೀನು ಕೇಳಿದ ಪ್ರಶ್ನೆಯನ್ನಾದರೂ ತೆಗೆದುಬಿಡೋಣ, ಅದು ನಿನಗೇ ಮುಳುವಾಗುತ್ತದೆ ಎಂದು ಬರೆಯುತ್ತಿರುವವರು ಹೇಳಿದರು. ತೆಗೆಯಬೇಡಿ ಎಂದೆ. ಪ್ರಶ್ನೆ ತೆಗೆದರೆ ಅವರ ಉತ್ತರಕ್ಕೆ ತಲೆಬುಡ ಇರುವುದಿಲ್ಲ. ನನಗೆ ಆ ಉತ್ತರ ಬೇಕು. ನಾಲ್ಕು ತಿಂಗಳು ಅಲೆದರೂ ಸಿಗದ ಆಧಾರ, ಅವರೇ ಕೊಟ್ಟ ದೂರಿನಿಂದ ಠಾಣೆಯ ಹಾಳೆಯ ಮೇಲೆ ಬಂದಿದೆ. ಇದರ ದೃಢೀಕರಿಸಿದ ಪ್ರತಿಗೆ ಅರ್ಜಿ ಬರೆದು ಕೊಟ್ಟಿದ್ದೇನೆ. ಮೂರು ವರ್ಷದ ರಿಟರ್ನ್ಸ್ ಜೊತೆ ಅದನ್ನು ಲಗತ್ತಿಸುತ್ತೇನೆ. ತೆರಿಗೆ ಕಚೇರಿಯವರು ಒಪ್ಪದಿದ್ದರೆ ಇನ್ನೊಮ್ಮೆ ಕಟ್ಟುತ್ತೇನೆ. ಇದು ಎರಡನೇ ಸಲ ಕಟ್ಟುತ್ತಿರುವುದು ಎಂದು ಬರೆದೇ ಕಟ್ಟುತ್ತೇನೆ. ನನ್ನ ಮೇಲೆ ಕೇಸು ಹಾಕುವುದಿದ್ದರೆ ಹಾಕಲಿ. ಕರೆದ ದಿನ ಬರುತ್ತೇನೆ. ಇವತ್ತು ಮಾತ್ರ ತೆರಿಗೆ ಕಚೇರಿಯ ಕೌಂಟರ್ ಮುಚ್ಚುವುದರೊಳಗೆ ಹೋಗಬೇಕು.

ಮೇಲಿನದ್ದನ್ನು ನನಗೆ ಓದಿ ಹೇಳಿದರು, ನಾನೂ ಓದಿಕೊಂಡೆ. ನಾನು ಹೇಳಿದಷ್ಟೇ ಇದೆ, ಹೇಳಿದ್ದೆಲ್ಲ ನಿಜ. ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ. ಇದ್ದ ಒತ್ತಾಯವೆಲ್ಲ ಸಹಿ ಮಾಡಬೇಡ ಎಂದಿತ್ತು.

ಸ್ಥಳ: ಪೊಲೀಸ್ ಠಾಣೆ, ಬರಹದ ಕೋಣೆ
ದಿನಾಂಕ: ತಿಂಗಳ 28, ಮಧ್ಯಾಹ್ನ 3.40
ಹೇಳಿಕೆ ಕೊಟ್ಟವಳ ಸಹಿ