ಟ್ರ್ಯಾಕ್ಟರ್ ಹಿಡಿದ ಸೈಕಲ್ಲು

ಇದು ನಿಜವಾಗಿ ನಡೆದದ್ದು. ಮಾತುಗಳನ್ನೂ ಆಡಿದ ಹಾಗೇ ಬರೆದಿದ್ದೇನೆ. ಗದಗ ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಸೈಕಲ್ ರೇಸಿನ ಅಂಗಿ ತೊಟ್ಟ ವೀರು ಸುಸ್ತಾಗಿ ಒರಗಿದ್ದ. ಟ್ರ್ಯಾಕ್ಟರ್ ಓಡಿಸುವ ಖಾಸಿಂಸಾಬರು ಬಂದು ಕುಳಿತರು.

“ಯಾಕಲೇ ವೀರು, ರೇಸ್ ಏನಾತು?”

“ಗೊತ್ತಿದ್ದೂ ಕೇಳ್ತೀರಲ್ರೀ ಕಾಕಾ. ಏರಿನ್ಯಾಗ ನಿಮ್ಮ ಟ್ರೇಲರ್ ಹಿಡ್ಕೊಂಡು ಕಣ್ಣ ಮುಚ್ಚಿದ್ದೆ. ತೆಗದ್ರ ರೇಸಿನ ದಾರೀನೇ ಇಲ್ಲ, ಮುಂದ ಬಿಂಕದಕಟ್ಟಿ ಝೂ ಗೇಟು!”

“ಟ್ರ್ಯಾಕ್ಟರಿನ ಸೈಡ್ ಕನ್ನಡ್ಯಾಗ ನಿನ್ನ ನೋಡೇ ಆ ಕಡೆ ತಿರುಗಿಸಿದೆ. ಮೋಸ ಯಾಕ ಮಾಡಾಕ ಹೋದಿ?”

“ಮುಂದಿನವರೆಲ್ಲಾ ಲಾರಿ ಹಿಡಿದಿದ್ರು. ಗೆದ್ದಿದ್ರ ಆಟಗಾರರ ಕೋಟಾದಾಗ ರೈಲ್ವೆ ನೌಕರಿ ಸಿಗ್ತಿತ್ತು. ಬರೂ ವರ್ಷದ ರೇಸ್ ದಾಟಿದ್ರ ನೌಕರಿಗೆ ನನ್ನ ವಯಸ್ಸೂ ಮೀರತೈತಿ.”

“ಇದನ್ನ ತಡ್ಯೂದು ಹೆಂಗಲೇ?”

“ಏರಿಗೊಬ್ಬ ರೆಫ್ರಿ ನಿಂದರಬೇಕ್ರಿ. ಈಗ ಎಲ್ಲಾರೂ ಊಟದ ಪೆಂಡಾಲಿನ್ಯಾಗ ಇರ್ತಾರ.”

“ಅಲ್ಲೀತನಕ ಕಾಯಾಕ ನಾ ಅದೀನಿ. ಬರೂ ವರ್ಷ ಮತ್ತ ಹಿಡೀತೀಯೇನು?”

ವೀರು ಪಕ್ಕದಲ್ಲಿ ಒರಗಿಸಿದ್ದ ಸೈಕಲ್ಲಿನ ಹ್ಯಾಂಡಲ್ ಹಿಡಿದು ಎದ್ದ.

“ನಿಮ್ಮ ಟ್ರ್ಯಾಕ್ಟರ್ ಅಂತೂ ಹಿಡಿಯಂಗಿಲ್ರಿ.”

ಖಾಸಿಂಸಾಬರು ನಕ್ಕರು. ಅವರಿಗಿಂತ ಜೋರಾಗಿ ವೀರು ನಕ್ಕ. ನಗುತ್ತಲೇ ಸೈಕಲ್ಲನ್ನು ಹೆಗಲಿಗೇರಿಸಿ, ಲಕ್ಷ್ಮೇಶ್ವರದ ಬಸ್ಸಿನತ್ತ ಕಾಲೆಳೆದುಕೊಂಡು ಹೋದ.