ಶರಣ್ಯಳ ಕಾದಂಬರಿ ತುಂಬಾ ಖಾಲಿ ದೋಸೆ

ಇದನ್ನು ಪೂರ್ತಿ ಕೇಳಿಬಿಡಿ, ಆಮೇಲೆ ಯಾರನ್ನು ಬೇಕಾದರೂ ಬೈಯಿರಿ. ಇವತ್ತು ಸಂಜೆ ಗಾಂಧಿ ಬಜಾರಿನ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕದಲ್ಲೇ ಇಬ್ಬರು ಗೆಳತಿಯರು, ವಾಣಿ ಮತ್ತು ಶರಣ್ಯ, ಜಗಳಕ್ಕೆ ನಿಂತಿದ್ದರು. ಪ್ರತಿ ನವೆಂಬರಿನಲ್ಲಿ ಒಂದೇ ತಿಂಗಳಲ್ಲಿ ಕಾದಂಬರಿ ಬರೆದು ಮುಗಿಸುವ ಸವಾಲಿದೆಯಲ್ಲ, ಅದನ್ನು ಜೊತೆಯಾಗಿ ಹಿಡಿದವರು. ದಿನಾ ಸಂಜೆ ಒಂದು ಹೋಟೆಲಿನಲ್ಲಿ ಎದುರುಬದುರು ಕೂತು ಟೈಪ್ ಮಾಡುತ್ತಿದ್ದರಂತೆ.

“ಸಾಂಬಾರ್ ಚೆಲ್ತು ಅಂತ ನಿನ್ ಲ್ಯಾಪ್‌ಟಾಪ್ ಎತ್ತಿದ್ರೆ, ಸ್ಕ್ರೀನ್ ತುಂಬಾ ಚೌಚೌ ಬಾತ್, ಖಾಲಿ ದೋಸೆ, ಚೌಚೌ ಬಾತ್, ಖಾಲಿ ದೋಸೆ!” ಎಂದಳು ವಾಣಿ.

“ಹೋಟೆಲ್ ಗೋಡೆ ಮೇಲಿನ ತಿಂಡಿ ಬೋರ್ಡ್ ನೋಡ್ಕೊಂಡು ಟೈಪ್ ಹೊಡೀತಿದ್ದೆ ಕಣೇ. ನನ್ ಕಥೆ ಮೊದಲ್ನೇ ವಾರಾನೇ ನಿಂತೋಯ್ತು.”

“ಮತ್ತೆ ನಿನ್ ಹೀರೋಯಿನ್ ಅಜ್ಜಿ ಸತ್ತೋದ್ರು ಅಂದೆ? ನಾನು ಅತ್ತಿದ್ದೆ!”

“ಅದು ನೀನ್ ಕೇಳ್ದಾಗ ಅಲ್ಲೇ ಬಾಯಿಗ್ ಬಂದಂಗೆ ಕಟ್ಟಿ ಹೇಳಿದ್ದು.”

“ಥೂ! ಒಂದ್ಮಾತು ಹೇಳಕ್ಕೇನಾಗಿತ್ತು?”

“ಹೇಳಿದ್ರೆ ಹೋದ್ವರ್ಷದ ಥರ ನೀನೂ ಬಿಟ್ಬಿಡ್ತಿದ್ದೆ. ನನ್ ಕೀಬೋರ್ಡ್ ಸದ್ದು ಕೇಳಿದ್ರೆ ಕೈ ಓಡುತ್ತೆ ಅಂದಿದ್ದು ಯಾರು?”

“ನೀನೂ ನನ್ ಥರಾನೇ ಒದ್ದಾಡ್ತಿದ್ದೀಯ ಅಂದ್ಕೊಂಡು ಬರೆದೆ. ಒಬ್ಳೇ ಒದ್ದಾಡೋ ಹಾಗಿದ್ರೆ ಮನೇಲೇ ಕೂರ್ತಿರ್ಲಿಲ್ವಾ?”

ಅಷ್ಟರಲ್ಲಿ ವಾಣಿಯ ಬಸ್ ಬಂತು.

“ಕೊನೇ ಅಧ್ಯಾಯ ಉಳ್ಕೊಂಡಿದೆ ಅಲ್ವಾ ನಿಂದು? ನಾಳೆ ಬರ್ತೀಯ ತಾನೇ?” ಎಂದಳು ಶರಣ್ಯ.

“ಬಂದ್ರೆ ನೀನೇನ್ ಟೈಪ್ ಮಾಡ್ತೀಯ?”

ಉತ್ತರಕ್ಕೂ ಕಾಯದೆ ವಾಣಿ ಹತ್ತಿಬಿಟ್ಟಳು. ಬಸ್ ಹೋದ ಮೇಲೂ ಶರಣ್ಯ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ನಡೆದು ಹೊರಟಳು.

ವಾಣಿಯ ಜಾಗದಲ್ಲಿ ನೀವಿದ್ದಿದ್ದರೆ ನಾಳೆ ಮತ್ತೆ ಆ ಟೇಬಲ್ಲಿಗೆ ಹೋಗುತ್ತಿದ್ದಿರಾ?