ಹುಂಜದ ಅಚ್ಚು

ಅಧ್ಯಕ್ಷತೆ ವಹಿಸಿರುವ ಮಾನ್ಯ ಮೇಯರ್ ಎಜಿದಿಯೊ ಅವರೇ, ಮುಖ್ಯ ಅತಿಥಿ ಬ್ಯಾರನ್ ಫೆರ್ರಾಂತೆ ಅವರೇ, ಆಗಲೇ ಊಟದ ಮೇಜಿನ ಕಡೆ ಕಣ್ಣು ಹಾಯಿಸುತ್ತಿರುವ ಸಭಿಕರೇ,

ದಕ್ಷಿಣ ಇಟಲಿಯ ನಮ್ಮ ಬಸಿಲಿಕಾತಾ ಸೀಮೆಯ ಚರಿತ್ರೆಯ ವಸ್ತುಸಂಗ್ರಹಾಲಯ ಇಂದು ಬಾಗಿಲು ತೆರೆದಿದೆ. ಊರಿನ ಹಳೇ ಟೀಚರಮ್ಮ ಫಿಲೊಮೆನಾ ನಾಲ್ಕು ಒಳ್ಳೆಯ ಮಾತು ಆಡಲಿ ಎಂದು ನನ್ನನ್ನು ಕರೆದಿದ್ದೀರಿ. ಗೋಡೆಯ ಸುಣ್ಣಬಣ್ಣ ಚೆನ್ನಾಗಿದೆ. ಒಳ್ಳೆಯ ಮಾತು ಮುಗಿಯಿತು.

ಮೊದಲ ಕೋಣೆಯಲ್ಲಿ ಗ್ರೀಕರು ಬಂದರು. ಆಮೇಲೆ ರೋಮನರು ಬಂದರು, ನಾರ್ಮನ್ನರು ಬಂದರು, ಸ್ಪೇನಿನವರು ಬಂದರು, ಕೊನೆಗೆ ಉತ್ತರದ ರಾಜರ ಸೈನಿಕರೂ ಬಂದರು. ಬರೀ ಬಂದವರೇ! ಅಲ್ಲ ಸ್ವಾಮಿ, ಇಲ್ಲೇ ಇದ್ದವರು ಎಲ್ಲಿ ಹೋದರು? ಅಷ್ಟೂ ಜನಕ್ಕೆ ಗೋಧಿ ಬೆಳೆದವರು ಯಾರು?

ಸಭೆಗೆ ಎತ್ತಿ ತೋರಿಸಿ ಎಂದು ಮೇಯರ್ ಅವರೇ ಈ ಮರದ ಅಚ್ಚನ್ನು ನನ್ನ ಕೈಗೆ ಕೊಟ್ಟಿದ್ದಾರೆ. ನೋಡಿ, ಮೇಲೊಂದು ಹುಂಜ. ಚೀಟಿಯಲ್ಲಿ ಏನು ಬರೆದಿದ್ದೀರಿ? 'ಬ್ಯಾರನ್ ಮನೆತನದ ರೊಟ್ಟಿಯ ಮುದ್ರೆ.' ಥೂ! ಬ್ಯಾರನ್ನರ ಅರಮನೆಯಲ್ಲಿ ಸ್ವಂತ ಒಲೆ ಇತ್ತು. ಸ್ವಂತ ಒಲೆ ಇದ್ದವನು ರೊಟ್ಟಿಗೆ ಗುರುತು ಯಾಕೆ ಒತ್ತುತ್ತಾನೆ? ಊರೊಟ್ಟಿನ ಒಲೆಯಲ್ಲಿ ನೂರು ಮನೆಯ ರೊಟ್ಟಿಯ ನಡುವೆ ತಮ್ಮದನ್ನು ಹುಡುಕಬೇಕಾದವರು ನಾವು!

ಇದನ್ನು ಕುರಿ ಕಾಯುತ್ತಾ ಕೆತ್ತಿದವನು ನಮ್ಮಪ್ಪ. ನಮ್ಮ ಕಡೆ ಹೆಣ್ಣು ಕೇಳುವುದು ಹಾಗೆ ಅಚ್ಚು ಕೆತ್ತಿ ಅವಳ ಕೈಗೆ ಕೊಟ್ಟೇ. ಅವಳು ಅಚ್ಚು ಇಟ್ಟುಕೊಂಡರೆ ಮದುವೆ, ವಾಪಸು ಕೊಟ್ಟರೆ ಇಲ್ಲ. ನಮ್ಮಮ್ಮ ಇಟ್ಟುಕೊಂಡಳು. "ಹುಂಜದ ಬಾಲ ಸೊಟ್ಟ ಆಗಿದೆ ಕಣೋ, ಆದ್ರೂ ಇರ್ಲಿ ಬಿಡು" ಅಂದಳಂತೆ. ನೋಡಿ, ಬಾಲ ಸೊಟ್ಟಗೇ ಇದೆ.

ಯುದ್ಧ ಮುಗಿದ ಮೇಲೆ ಊರಿನವರು ಬ್ಯಾರನ್ನರ ಬೀಳು ಹೊಲಕ್ಕೆ ನುಗ್ಗಿ ಬಿತ್ತಿದರಲ್ಲ, ಮುಂದಿನ ಸಾಲಿನಲ್ಲಿ ನಮ್ಮಮ್ಮ ಇದ್ದಳು. ಮಾರನೆಯ ವಾರ ಒಲೆಯ ಮುಂದೆ, ಎಲ್ಲರೆದುರು, ಅರಮನೆಯ ಪಾರುಪತ್ಯಗಾರ ಈ ಅಚ್ಚು ಕಿತ್ತುಕೊಂಡ. "ಇನ್ಮೇಲೆ ನಿಂಗ್ಯಾಕೇ ಗುರುತು? ರೊಟ್ಟಿ ಮಾಡೋಕೆ ಹಿಟ್ಟಾದ್ರೂ ಎಲ್ಲಿರುತ್ತೆ?" ಅಂದ. ನಾನು ಅಮ್ಮನ ಲಂಗದ ಮರೆಯಲ್ಲಿದ್ದೆ. ಸಾಯುವ ತನಕ ಅವಳು ಗುರುತಿಗೆಂದು ಹಿಟ್ಟಿನ ಮೇಲೆ ಹೆಬ್ಬೆರಳನ್ನೇ ಒತ್ತಿದಳು. ಇನ್ನೊಂದು ಅಚ್ಚು ಮಾಡಿಕೊಡುತ್ತೇನೆಂದು ಅಪ್ಪ ಎಷ್ಟು ಬೇಡಿದರೂ ಒಪ್ಪಲಿಲ್ಲ. "ನಂದು ಅಲ್ಲಿದೆ. ಅದೇ ಬರ್ಬೇಕು" ಅನ್ನುತ್ತಿದ್ದಳು.

ಬ್ಯಾರನ್ ಅವರೇ, ಇದನ್ನು ಸಂಗ್ರಹಾಲಯಕ್ಕೆ ದಾನ ಕೊಟ್ಟಿರಂತೆ. ಯಾರಪ್ಪನ ಮನೆಯ ಗಂಟು?

ತೋರಿಸಿ ಅಂದಿರಿ, ತೋರಿಸಿದ್ದೇನೆ. ಈಗ ಕೈಚೀಲಕ್ಕೆ ಹಾಕಿಕೊಳ್ಳುತ್ತಿದ್ದೇನೆ. ಮೇಯರ್ ಅವರೇ, ಕೂತುಕೊಳ್ಳಿ. ಪೊಲೀಸರನ್ನು ಕರೆಸುವುದಾದರೆ ಕರೆಸಿ, ನನ್ನ ಮನೆ ಅವರಿಗೆ ಗೊತ್ತು. ನಾಳೆ ಬೆಳಿಗ್ಗೆ ಬರಲಿ, ನಾನು ಹಿಟ್ಟು ನಾದುತ್ತಿರುತ್ತೇನೆ.

ಕರೆದು ಮಾತಾಡಿಸಿದ್ದಕ್ಕೆ, ಅದಕ್ಕಿಂತ ಹೆಚ್ಚಾಗಿ ಇದನ್ನು ನಿಮ್ಮ ಕೈಯಾರೆ ನನಗೆ ಕೊಟ್ಟಿದ್ದಕ್ಕೆ, ಅಮ್ಮನ ಪರವಾಗಿ ವಂದನೆಗಳು. ನಮಸ್ಕಾರ.